ಕಾಗದದ ಮೇಲೆ ಹುಟ್ಟಿದ ಟ್ರಾನ್ಸಿಸ್ಟರು: ಜೂಲಿಯಸ್ ಲಿಲಿಯನ್‌ಫೆಲ್ಡ್

ಟ್ರಾನ್ಸಿಸ್ಟರಿನ ಹೆಸರನ್ನೆತ್ತಿದೊಡನೆ ಬಾರ್ಡೀನ್, ಬ್ರಾಟೈನ್ ಮತ್ತು ಷಾಕ್ಲಿ ಎಂಬ ಮೂವರು ನೆನಪಿಗೆ ಬರುತ್ತಾರೆ. 1956ರ ನೊಬೆಲ್ ಪಾರಿತೋಷಕವು ಸಂದದ್ದು ಇವರಿಗೆ. ಆದರೆ ಇವರ ಸಾಧನೆಗೆ ಇಪ್ಪತ್ತೆರಡು ವರ್ಷ ಮೊದಲೇ ಅಂಥದೊಂದು ಉಪಕರಣವನ್ನು ಕಲ್ಪಿಸಿ, ಚಿತ್ರಸಹಿತ ವಿವರಿಸಿ, ಅದರ ಹಕ್ಕಿಗಾಗಿ ಅರ್ಜಿಯನ್ನು ಸಲ್ಲಿಸಿದ ಭೌತವಿಜ್ಞಾನಿ ಜೂಲಿಯಸ್ ಎಡ್ಗರ್ ಲಿಲಿಯನ್‌ಫೆಲ್ಡ್.

ಈತನು 1882ರ ಏಪ್ರಿಲ್ 18ರಂದು, ಅಂದು ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿದ್ದ ಲೆಂಬರ್ಗ್ ನಗರದ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದನು. ಆ ನಗರವೇ ಇಂದಿನ ಉಕ್ರೇನಿನ ಲ್ವಿವ್. 1905ರಲ್ಲಿ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದು, ಲೈಪ್‌ಜಿಗ್ ವಿಶ್ವವಿದ್ಯಾನಿಲಯವನ್ನು ಸೇರಿ, ಅನಿಲಗಳ ದ್ರವೀಕರಣ, ನಿರ್ವಾತದಲ್ಲಿ ವಿದ್ಯುತ್ತಿನ ವಿಸರ್ಜನೆ, ಕ್ಷ-ಕಿರಣ ಕೊಳವೆಗಳು ಮೊದಲಾದ ವಿಷಯಗಳಲ್ಲಿ ದುಡಿದನು. 1920ರ ದಶಕದಲ್ಲಿ ಅಮೆರಿಕಕ್ಕೆ ತೆರಳಿದ ಆತನು 1926ರಲ್ಲಿ ಲೈಪ್‌ಜಿಗ್ಗಿನ ಹುದ್ದೆಯನ್ನು ತ್ಯಜಿಸಿ ಅಲ್ಲಿಯೇ ನೆಲೆನಿಂತನು.

ಆ ಕಾಲದ ರೇಡಿಯೋಗಳು ಕ್ಷೀಣವಾದ ಸಂಕೇತವನ್ನು ವರ್ಧಿಸಲು ಗಾಜಿನ ನಿರ್ವಾತ ಕೊಳವೆಗಳನ್ನೇ ನೆಚ್ಚಿದ್ದುವು. ಕಾದು ಕೆಂಪಾಗುವ ತಂತಿಯೂ ಒಡೆಯುವ ಗಾಜೂ ಇಲ್ಲದೆ ಘನವಸ್ತುವೊಂದರಿಂದಲೇ ಈ ಕಾರ್ಯವನ್ನು ಸಾಧಿಸಲಾಗದೆ? ಲಿಲಿಯನ್‌ಫೆಲ್ಡನ ಉತ್ತರವು ಸರಳವಾಗಿತ್ತು. ಗಾಜಿನ ಮೇಲೆ ತಾಮ್ರದ ಸಲ್ಫೈಡಿನ ಅತಿ ತೆಳುವಾದ ಪೊರೆಯನ್ನು ಹರಡಿ ಅದರಲ್ಲಿ ವಿದ್ಯುತ್ತನ್ನು ಹರಿಸುವುದು. ಪೊರೆಯ ಸನಿಹದಲ್ಲಿ ಲೋಹದ ಹಾಳೆಯೊಂದನ್ನಿಟ್ಟು ಅದರ ವಿದ್ಯುದ್ಬಲವನ್ನು ಹೆಚ್ಚು ಕಡಮೆ ಮಾಡುವುದು. ಕೆರೆಯ ತೂಬು ನೀರನ್ನು ತಡೆದು ಬಿಡುವಂತೆ, ಲೋಹದ ಆ ಹಾಳೆಯು ಪೊರೆಯ ಪ್ರವಾಹವನ್ನು ಆಳಬೇಕು. ಪೊರೆ ತೆಳುವಾಗಿರಲೇಬೇಕು, ದಪ್ಪವಾದರೆ ಹೊರಗಿನ ಕ್ಷೇತ್ರದ ಪ್ರಭಾವ ಒಳಕ್ಕೆ ಮುಟ್ಟದು. 1925ರ ಅಕ್ಟೋಬರ್ 22ರಂದು ಕೆನಡಾದಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಆತನು ಅರ್ಜಿ ಸಲ್ಲಿಸಿದನು. ಅಮೆರಿಕದ ಪೇಟೆಂಟು 1930ರಲ್ಲಿ ದೊರೆಯಿತು. 1933ರಲ್ಲಿ ದೊರೆತ ಇನ್ನೊಂದು ಪೇಟೆಂಟಿನಲ್ಲಿ ಅಲ್ಯೂಮಿನಿಯಮ್ಮಿನ ಆಕ್ಸೈಡ್ ಪದರವೇ ಪೊರೆಗೂ ಲೋಹಕ್ಕೂ ನಡುವಣ ಅವಾಹಕವಾಯಿತು.

ಇಷ್ಟಾದರೂ ಲೋಕವು ಕಿವಿಗೊಡಲಿಲ್ಲ. ಈ ವಿಷಯವಾಗಿ ಆತನು ವಿಜ್ಞಾನ ಪತ್ರಿಕೆಗಳಲ್ಲಿ ಲೇಖನ ಬರೆಯಲಿಲ್ಲ. ಅರೆವಾಹಕಗಳನ್ನು ಬೇಕಾದಷ್ಟು ಶುದ್ಧಗೊಳಿಸುವ ವಿದ್ಯೆಯೂ ಆಗ ಇರಲಿಲ್ಲ. ಬೇರೊಂದು ತೊಡಕು ಪ್ರಕೃತಿಯದೇ ಆಗಿತ್ತು. 1945ರಲ್ಲಿ ಷಾಕ್ಲಿಯು ಇದೇ ತತ್ತ್ವದ ಮೇಲೆ ನಡೆಸಿದ ಪ್ರಯೋಗವು ವಿಫಲವಾಯಿತು. ಅರೆವಾಹಕದ ಮೇಲ್ಮೈಯಲ್ಲಿ ಸಿಲುಕಿದ ಎಲೆಕ್ಟ್ರಾನುಗಳು ಒಳಭಾಗಕ್ಕೆ ತೆರೆಯಂತೆ ಅಡ್ಡನಿಲ್ಲುತ್ತವೆಂದು ಬಾರ್ಡೀನನು ಕಾರಣವನ್ನು ವಿವರಿಸಿದನು. ಆ ವಿಚಾರದ ಬೆನ್ನುಹತ್ತಿ ಹೋದಾಗಲೇ 1947ರ ಡಿಸೆಂಬರಿನಲ್ಲಿ ಬೇರೆ ಬಗೆಯ ಟ್ರಾನ್ಸಿಸ್ಟರು ಕೈಗೂಡಿತು. ಬೆಲ್ ಪ್ರಯೋಗಾಲಯದ ವಕೀಲರು ಹಕ್ಕಿಗಾಗಿ ಹಳೆಯ ಕಡತಗಳನ್ನು ತಡಕಿದಾಗ ಲಿಲಿಯನ್‌ಫೆಲ್ಡನ ಪೇಟೆಂಟುಗಳು ಎದುರು ನಿಂತುವು. ಕ್ಷೇತ್ರಪ್ರಭಾವದ ಮೂಲಭಾವನೆಯು ತನ್ನದೆಂದು ಸಾಧಿಸುವ ಅವಕಾಶ ಷಾಕ್ಲಿಗೆ ಇಲ್ಲವಾಯಿತು.

ಲಿಲಿಯನ್‌ಫೆಲ್ಡನು ಅಷ್ಟರಲ್ಲಿ ವಿಶ್ರಾಂತನಾಗಿದ್ದನು. ವಿದ್ಯುದ್ವಿಶ್ಲೇಷಕ ಕೆಪಾಸಿಟರುಗಳ ಬೆಳವಣಿಗೆಯಲ್ಲಿ ಆತನ ದುಡಿಮೆ ದೊಡ್ಡದು. ಗೋಧಿಯ ಹೊಲಗಳ ಸಾಮೀಪ್ಯವು ಮೈಗೆ ಒಗ್ಗದೆ, 1935ರಲ್ಲಿ ಪತ್ನಿ ಬಿಯಾಟ್ರಿಸಳೊಡನೆ ವರ್ಜಿನ್ ದ್ವೀಪಗಳ ಸೇಂಟ್ ಥಾಮಸ್ಸಿನಲ್ಲಿ ಮನೆ ಕಟ್ಟಿದ್ದನು. 1962ರಲ್ಲಿ ಆರ್.ಸಿ.ಎ. ಸಂಸ್ಥೆಯ ಪಾಲ್ ವೈಮರನು ಕ್ಯಾಡ್ಮಿಯಮ್ ಸಲ್ಫೈಡಿನ ಪೊರೆಯನ್ನು ಗಾಜಿನ ಮೇಲೆ ಹರಡಿ, ಕೆಲಸಮಾಡುವ ತೆಳುಪೊರೆಯ ಟ್ರಾನ್ಸಿಸ್ಟರನ್ನು ಪ್ರಕಟಪಡಿಸಿದನು. ಮರುವರ್ಷ, 1963ರ ಆಗಸ್ಟ್ 28ರಂದು, ಲಿಲಿಯನ್‌ಫೆಲ್ಡನು ಕಾಲವಾದನು. ಬಿಯಾಟ್ರಿಸಳ ದತ್ತಿಯಿಂದ 1988ರಲ್ಲಿ ಅಮೆರಿಕದ ಭೌತವಿಜ್ಞಾನ ಸಂಘವು ಆತನ ಹೆಸರಿನಲ್ಲಿ ಬಹುಮಾನವೊಂದನ್ನು ಸ್ಥಾಪಿಸಿತು.

ಭಾವನೆಯನ್ನು ಕಂಡವನು ದೊಡ್ಡವನೆ, ಅದನ್ನು ಕೈಗೂಡಿಸಿದವನು ದೊಡ್ಡವನೆ ಎಂಬ ವಾದವು ಮುಗಿಯತಕ್ಕದ್ದಲ್ಲ. ಕೈಗೂಡಿಸಿದವರ ಶ್ರಮವನ್ನು ಕಿರಿದುಮಾಡುವುದು ಅನ್ಯಾಯ. ಮೊದಲು ಕಂಡವನನ್ನು ಮರೆಯುವುದೂ ಅಷ್ಟೇ ಅನ್ಯಾಯ. ಇಂದು ದೂರದರ್ಶನದ ಮತ್ತು ಗಣಕದ ತೆರೆಗಳಲ್ಲಿ ಚಿತ್ರದ ಒಂದೊಂದು ಬಿಂದುವನ್ನೂ ಬೆಳಗಿಸಿ ಆರಿಸುತ್ತಿರುವುದು ಗಾಜಿನ ಮೇಲಣ ತೆಳುಪೊರೆಯ ಟ್ರಾನ್ಸಿಸ್ಟರುಗಳೇ. ಅವುಗಳ ವಸ್ತು ಬೇರೆ, ರಚನೆ ಬೇರೆ. ತತ್ತ್ವ ಮಾತ್ರ 1925ರ ಆ ಅರ್ಜಿಯಲ್ಲಿ ಬರೆದದ್ದೇ.