ದೋಮ್ ಪೆರಿನ್ಯೋನ್: ದ್ರಾಕ್ಷಾತೋಟದ ನಂಬಿಗಸ್ತ ಸೇವಕ

ದಿವ್ಯಬಲಿಪೂಜೆಯಲ್ಲಿ ಅರ್ಪಿಸುವ ದ್ರಾಕ್ಷಾರಸವು ದ್ರಾಕ್ಷಿಯ ಹಣ್ಣಿನಿಂದಲೇ ಆದ ಶುದ್ಧ ರಸವಾಗಿರಬೇಕೆಂಬುದು ಧರ್ಮಸಭೆಯ ನಿಯಮ. ಆದಕಾರಣ ಯೂರೋಪಿನ ಮಠಗಳು ಶತಮಾನಗಳ ಕಾಲ ದ್ರಾಕ್ಷಾತೋಟಗಳನ್ನು ಪೋಷಿಸಿಕೊಂಡು ಬಂದವು. ಅಂತಹ ತೋಟವೊಂದರ ಸೇವೆಯಲ್ಲಿ ಬಾಳನ್ನೇ ಸವೆಸಿದ ಸನ್ಯಾಸಿಯೊಬ್ಬರನ್ನು ನಾವು ಇಲ್ಲಿ ಸ್ಮರಿಸೋಣ.

ಪಿಯೇರ್ ಪೆರಿನ್ಯೋನರು ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದ ಸೇಂತ್ ಮೆನೂ ಪಟ್ಟಣದವರು. ೧೬೩೯ರ ಜನವರಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ಯೌವನದಲ್ಲಿಯೇ ಅವರು ವೆರ್ದೂನಿನಲ್ಲಿ ಸಂತ ಬೆನೆದಿಕ್ತರ ಸಭೆಯನ್ನು ಸೇರಿದರು. ದೋಮ್ ಎಂಬುದು ಆ ಸಭೆಯ ಸನ್ಯಾಸಿಗಳಿಗೆ ಸಲ್ಲುವ ಗೌರವನಾಮ. ೧೬೬೮ರಲ್ಲಿ ಓವಿಲೇರ್ ಮಠಕ್ಕೆ ಬಂದು, ಅಲ್ಲಿನ ಉಗ್ರಾಣ ಹಾಗೂ ತೋಟಗಳ ಹೊಣೆಯನ್ನು ವಹಿಸಿಕೊಂಡರು. ಏಳನೆಯ ಶತಮಾನದಲ್ಲಿ ರೀಮ್ಸಿನ ಧರ್ಮಾಧ್ಯಕ್ಷರಾದ ಸಂತ ನಿವಾರ್ಡರು ಸ್ಥಾಪಿಸಿದ ಮಠವದು.

ಮಾರ್ನ್ ನದಿಯ ಮೇಲಣ ಆ ಇಳಿಜಾರು ದಕ್ಷಿಣದ ಬಿಸಿಲಿಗೆ ಮುಖಮಾಡಿದೆ. ಮೇಲ್ಮಣ್ಣಿನ ಕೆಳಗೆ ಸೀಮೆಸುಣ್ಣದಂತಹ ಬಿಳಿಯ ಕಲ್ಲು. ಅದು ಹೆಚ್ಚಿನ ನೀರನ್ನು ಬಸಿದುಬಿಡುತ್ತದೆ; ಬೇಕಾದಷ್ಟನ್ನು ಹೀರಿಟ್ಟುಕೊಂಡು ಬರದ ದಿನಗಳಲ್ಲಿ ಬೇರುಗಳಿಗೆ ಒದಗಿಸುತ್ತದೆ. ಆದರೆ ಹವೆ ತಂಪು. ಹಣ್ಣು ಪ್ರತಿವರ್ಷವೂ ಒಂದೇ ಸಮನೆ ಪಕ್ವವಾಗದು. ಪೆರಿನ್ಯೋನರ ಜಾಣ್ಮೆ ಪ್ರಕಟವಾದದ್ದು ಇಲ್ಲಿಯೇ. ಮಠದ ತೋಟಗಳ ಹಣ್ಣನ್ನೂ ಗ್ರಾಮಗಳಿಂದ ದಶಮಾಂಶವಾಗಿ ಬಂದ ಹಣ್ಣನ್ನೂ ಅವರು ಪರೀಕ್ಷಿಸಿ, ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಬೆರೆಸುತ್ತಿದ್ದರು. ಕಪ್ಪು ದ್ರಾಕ್ಷಿಯಿಂದ ತಿಳಿಯಾದ ಬಿಳಿಯ ರಸವನ್ನು ತೆಗೆಯುವುದರಲ್ಲಿಯೂ ಅವರದು ಪಳಗಿದ ಕೈ.

ನೊರೆಯುಕ್ಕುವ ಶಾಂಪೇನನ್ನು ಅವರೇ ಕಂಡುಹಿಡಿದರೆಂಬ ಮಾತು ಲೋಕಪ್ರಸಿದ್ಧ. ಅದು ನಿಜವಲ್ಲ. ಚಳಿಗಾಲದಲ್ಲಿ ಸ್ತಬ್ಧವಾದ ಹುದುಗು ವಸಂತದಲ್ಲಿ ಪುನಃ ಚೇತರಿಸಿ, ಸೀಸೆಗಳು ಒಡೆಯುತ್ತಿದ್ದವು. ಅದನ್ನು ತಡೆಯುವುದೇ ಅವರ ಯತ್ನವಾಗಿತ್ತೆಂದು ಇತಿಹಾಸಕಾರರು ತಿಳಿಸುತ್ತಾರೆ. ಆ ಮಠದಲ್ಲಿದ್ದ ಸನ್ಯಾಸಿಯೊಬ್ಬರು ೧೮೨೧ರಲ್ಲಿ ಬರೆದ ಪತ್ರದಿಂದ ಈ ಕಥೆ ಹಬ್ಬಿತು.

೪೭ ವರ್ಷಗಳ ಸೇವೆಯ ತರುವಾಯ, ೧೭೧೫ರ ಸೆಪ್ಟೆಂಬರಿನಲ್ಲಿ ಅವರು ಪ್ರಭುವಿನ ಪಾದವನ್ನು ಸೇರಿದರು. ಮಠದ ದೇವಾಲಯದಲ್ಲಿಯೇ ಅವರ ಸಮಾಧಿಯಿದೆ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಮಠ ಮುಚ್ಚಿತು. ತೋಟಗಳು ಪರರ ಪಾಲಾದವು. ೧೯೩೬ರಲ್ಲಿ ಅವರ ಹೆಸರೇ ಬೆಲೆಬಾಳುವ ಪಾನೀಯವೊಂದರ ಮುದ್ರೆಯಾಯಿತು. ೨೦೧೫ರಲ್ಲಿ ಓವಿಲೇರಿನ ತೋಟಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಲೋಕವು ಅವರು ಮಾಡದ ಕಾರ್ಯಕ್ಕಾಗಿ ಅವರನ್ನು ಕೊಂಡಾಡುತ್ತಿದೆ. ನಾವಾದರೋ ಅವರು ನಿಜವಾಗಿ ಮಾಡಿದ್ದನ್ನು ನೆನೆಯೋಣ: ತನ್ನದಲ್ಲದ ತೋಟವನ್ನು ತನ್ನದೆಂಬಂತೆ ಕಾದರು, ಲೆಕ್ಕವನ್ನು ಒಡೆಯನಿಗೆ ಒಪ್ಪಿಸಿದರು. ನೂರು ವರ್ಷಗಳಿಂದ ನಮ್ಮ ದೇವಾಲಯವನ್ನು ಕಾಪಾಡಿಕೊಂಡು ಬಂದ ಹಿರಿಯರ ಸೇವೆಯೂ ಇಂತಹುದೇ ಅಲ್ಲವೇ?