ಸಂತ ಜೋಸೆಫ್ ವಾಜ್

ಗೋವಾದ ಬೆನೌಲಿಮ್ ಎಂಬ ಹಳ್ಳಿಯಲ್ಲಿ 1651ರ ಏಪ್ರಿಲ್ 21ರಂದು ಜೋಸೆಫ್ ವಾಜ್ ಜನಿಸಿದರು. ತಂದೆ ಕ್ರಿಸ್ತೊವಾವ್, ತಾಯಿ ಮರಿಯಾ. ಮನೆಮಾತು ಕೊಂಕಣಿ. ತಂದೆಯ ಊರಾದ ಸಾಂಕ್ವಾಳದ ಶಾಲೆಯಲ್ಲಿ ಪೋರ್ಚುಗೀಸ್ ಭಾಷೆ ಕಲಿತರು. 1676ರಲ್ಲಿ ಪಾದ್ರಿಗಳಾದರು. ಬಡವರಂತೆಯೇ ಬಾಳಬೇಕೆಂದು ಬರಿಗಾಲಿನಲ್ಲಿ ನಡೆಯತೊಡಗಿದರು.

1681ರಲ್ಲಿ ಅವರು ಕನ್ನಡ ಕರಾವಳಿಗೆ ಬಂದರು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ ಮುಂತಾದ ಊರುಗಳಲ್ಲಿ ಮೂರು ವರ್ಷ ಸೇವೆ ಮಾಡಿದರು.

ಗೋವಾ ಆಗ ಪೋರ್ಚುಗೀಸರ ವಶದಲ್ಲಿತ್ತು. ಯುರೋಪಿನವರ ಧಾರ್ಮಿಕ ಸಂಘಗಳಲ್ಲಿ ಗೋವಾದವರಿಗೆ ಜಾಗ ಸಿಗುತ್ತಿರಲಿಲ್ಲ. ಆದ್ದರಿಂದ ಊರಿನ ಕೆಲವು ಪಾದ್ರಿಗಳೇ ಸೇರಿ ಒಂದು ಸಂಘ ಕಟ್ಟಿದ್ದರು. ಅದರ ಹೆಸರು ಒರೆಟರಿ. 1685ರಲ್ಲಿ ವಾಜರು ಅದನ್ನು ಸೇರಿ ಹಿರಿಯರಾದರು.

ಶ್ರೀಲಂಕೆಯ ಕರಾವಳಿಯನ್ನು ಗೆದ್ದಿದ್ದ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ವಾಜರು ಕೂಲಿಯವನ ವೇಷ ಧರಿಸಿ 1687ರಲ್ಲಿ ಲಂಕೆಯನ್ನು ಸೇರಿದರು. ದಾರಿಯಲ್ಲೇ ಕಾಯಿಲೆ ಬಿದ್ದಿದ್ದ ಅವರನ್ನು ಬಡ ಹೆಂಗಸರು ಗಂಜಿ ಕೊಟ್ಟು ಉಳಿಸಿದರು. 1692ರಲ್ಲಿ ಬೆಟ್ಟಗಳ ನಡುವಿನ ಕ್ಯಾಂಡಿ ನಗರಕ್ಕೆ ಹೋದಾಗ ಅಲ್ಲಿನ ರಾಜ ಇವರನ್ನು ಪೋರ್ಚುಗೀಸರ ಗೂಢಚಾರನೆಂದು ತಿಳಿದು ಸೆರೆಯಲ್ಲಿಟ್ಟನು. ವಾಜರು ಸುಮ್ಮನೆ ಕೂರಲಿಲ್ಲ. ಸೆರೆಯಲ್ಲಿಯೇ ಸಿಂಹಳ ಭಾಷೆ ಕಲಿತರು!

ಮಕ್ಕಳೇ, ಸಿಡುಬು ಎಂಬ ರೋಗದ ಹೆಸರು ಕೇಳಿದ್ದೀರಾ? ಅದಕ್ಕೆ ಲಸಿಕೆ ಬಂದದ್ದು 1796ರಲ್ಲಿ. 1980ರ ವೇಳೆಗೆ ಆ ರೋಗ ಜಗತ್ತಿನಿಂದಲೇ ಮಾಯವಾಯಿತು. ವಾಜರ ಕಾಲದಲ್ಲಿ ಲಸಿಕೆಯೂ ಇಲ್ಲ, ಮದ್ದೂ ಇಲ್ಲ. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರಾಜನೂ ಸಿರಿವಂತರೂ ಊರು ಬಿಟ್ಟರು. ಹೆದರಿದ ಜನ ತಮ್ಮವರನ್ನೇ ಕಾಡಿನಲ್ಲಿ ಬಿಟ್ಟು ಬಂದರು. ಅಂಥವರನ್ನು ವಾಜರು ಹುಡುಕಿಕೊಂಡು ಹೋದರು. ಜೊತೆಗಿದ್ದವರು ಸೋದರಳಿಯ ಜೋಸೆಫ್ ಕಾರ್ವಾಲ್ಯೊ. ಇಬ್ಬರೂ ಸೇರಿ ರೋಗಿಗಳಿಗೆ ಗುಡಿಸಲು ಕಟ್ಟಿದರು. ಹುಣ್ಣು ತೊಳೆದರು, ಊಟ ಕೊಟ್ಟರು. ಸತ್ತವರನ್ನು ತಾವೇ ಮಣ್ಣು ಮಾಡಿದರು. ರೋಗಿ ಬೌದ್ಧನೋ ಕ್ರೈಸ್ತನೋ ಎಂದು ನೋಡಲಿಲ್ಲ. ಒಮ್ಮೆ ಸೆರೆಗೆ ಹಾಕಿದ್ದ ರಾಜನಿಗೂ ಅವರಲ್ಲಿ ಗೌರವ ಹೆಚ್ಚಿತು.

ಅವರಿಗೆ ನೆರವಾಗಲು ಗೋವಾದ ಸಂಘವು ಮತ್ತಷ್ಟು ಪಾದ್ರಿಗಳನ್ನು ಕಳುಹಿಸಿತು. ವಾಜರು ತೀರಿಕೊಂಡ ಮೇಲೂ ಬಹುಕಾಲ ಈ ಕೆಲಸ ನಡೆಯಿತು. 1835ರಲ್ಲಿ ಪೋರ್ಚುಗೀಸ್ ಸರಕಾರ ಗೋವಾದ ಧಾರ್ಮಿಕ ಸಂಘಗಳನ್ನೆಲ್ಲ ಮುಚ್ಚಿಸಿದಾಗ ಒರೆಟರಿಯೂ ಮುಚ್ಚಿತು.

ವಾಜರು ಮತ್ತೆ ಗೋವಾಕ್ಕೆ ಮರಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನಿಧನರಾದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಕೊಲಂಬೊ ನಗರದಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.