ಪರೇಲ್ ಆಸ್ಪತ್ರೆಯ ಹಿಂದಿದ್ದ ಮೈಸೂರಿನ ಹುಡುಗಿ

ನನ್ನ ಆಫೀಸು ಇರುವುದು ಪುಣೆ ಕ್ಯಾಂಪಿನಲ್ಲಿ. ಸುತ್ತಮುತ್ತ ಪಾರ್ಸಿ ಹೆಸರಿನ ಬೋರ್ಡುಗಳು ಬೇಕಾದಷ್ಟಿವೆ. ದೊರಾಬ್ಜಿ ಎಂದರೆ ನನಗೆ ಗೊತ್ತಿದ್ದದ್ದು ಇಲ್ಲಿನ ಬಿರಿಯಾನಿ ಹೋಟೆಲ್ ಮಾತ್ರ. ಇನ್ನೊಬ್ಬ ದೊರಾಬ್ಜಿ, ಅವರಿಗಿಂತ ಹೆಚ್ಚಾಗಿ ಅವರ ಹೆಂಡತಿ ಮೆಹರ್‌ಬಾಯಿ, ಪರಿಚಯವಾದದ್ದು ನನ್ನ ಸೋದರತ್ತೆಯ ಕಾಯಿಲೆಯಿಂದ.

ಅತ್ತೆ ಕಲಬುರಗಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದರು. ಪುಣೆಯಲ್ಲಿ ನಾನೂ ಅದೇ ಬೋಗಿ ಹತ್ತಿದೆ. ಮರುದಿನ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಫೈಲ್ ಮಾಡಿಸಿ ಕೂತಾಗ ಹೋಮಿ ಭಾಭಾ ಬ್ಲಾಕ್ ಎಂಬ ಹೆಸರು ಕಂಡಿತು. ಅಣುಶಕ್ತಿಯವರಿಗೆ ಈ ಆಸ್ಪತ್ರೆಯಲ್ಲಿ ಏನು ಕೆಲಸ ಎಂದು ಅತ್ತೆ ಕೇಳಿದರು. ನನಗೂ ಗೊತ್ತಿರಲಿಲ್ಲ. ಹುಡುಕುತ್ತಾ ಹೋದರೆ ದಾರಿ ಮೈಸೂರಿಗೆ ಬಂತು.

ಮೆಹರ್‌ಬಾಯಿ ಹುಟ್ಟಿದ್ದು 1879ರಲ್ಲಿ, ಮುಂಬೈಯಲ್ಲಿ. ಬೆಳೆದದ್ದು ನಮ್ಮಲ್ಲಿ. ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ದೊಡ್ಡ ಅಧಿಕಾರಿ. ಮಗಳು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕಲಿತು, ಮೈಸೂರಿನಲ್ಲಿ ಹದಿನಾರನೇ ವಯಸ್ಸಿಗೆ ಮೆಟ್ರಿಕ್ ಮುಗಿಸಿ ಮುಂದಕ್ಕೂ ಓದಿದಳು. ಮೈಸೂರಿಗೆ ಬಂದಿದ್ದ ಜಮ್‌ಶೆಟ್‌ಜಿ ಟಾಟಾ ಅವರಿಗೆ ಈ ಮನೆ ಹಿಡಿಸಿತು. 1898ರಲ್ಲಿ ಅವರ ಹಿರಿಮಗ ದೊರಾಬ್ಜಿ ಜೊತೆ ಮದುವೆ. ಗಂಡನಿಗೆ ಇಪ್ಪತ್ತು ವರ್ಷ ಹೆಚ್ಚು.

ಸೀರೆಯುಟ್ಟೇ ಟೆನಿಸ್ ಆಡಿ ಬಹುಮಾನ ಗೆಲ್ಲುತ್ತಿದ್ದರು. ಪರದೆ ಪದ್ಧತಿಯ ವಿರುದ್ಧ ಮಾತಾಡಿದರು. ಬಾಲ್ಯವಿವಾಹ ತಡೆಯುವ 1929ರ ಶಾರದಾ ಕಾಯ್ದೆಗಾಗಿ ದುಡಿದರು. ಆದರೆ ಜನ ಹೆಚ್ಚು ಹೇಳುವುದು ಅವರ ವಜ್ರದ ಕಥೆ. ಗಂಡ ಕೊಡಿಸಿದ ಜುಬಿಲಿ ವಜ್ರ 245 ಕ್ಯಾರೆಟ್, ಕೊಹಿನೂರಿನ ಎರಡು ಪಟ್ಟು ದೊಡ್ಡದು. 1924ರಲ್ಲಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ಸಂಬಳಕ್ಕೂ ದುಡ್ಡಿಲ್ಲದಾಗ ದಂಪತಿ ತಮ್ಮ ಆಸ್ತಿಯ ಜೊತೆ ಅದನ್ನೂ ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟರು. ಮಗಳ ಓದಿಗೆ ಬಳೆ ಅಡವಿಡುವ ಮನೆಗಳಿಂದ ಬಂದ ನಮಗೆ ಇದು ಬೇಗ ಅರ್ಥವಾಗುತ್ತದೆ.

1931ರಲ್ಲಿ ರಕ್ತದ ಕ್ಯಾನ್ಸರ್ ಬಂದು ಮೆಹರ್‌ಬಾಯಿ ವೇಲ್ಸ್‌ನಲ್ಲಿ ತೀರಿಕೊಂಡರು. ಅಂಥ ಚಿಕಿತ್ಸೆ ನಮ್ಮ ದೇಶದಲ್ಲೇ ಸಿಗಬೇಕೆಂಬುದು ದೊರಾಬ್ಜಿ ಆಸೆಯಾಗಿತ್ತು. ಮರುವರ್ಷ ಅವರೂ ಹೋದರು. ಆಸ್ತಿಯೆಲ್ಲ ಟ್ರಸ್ಟಿಗೆ ಸೇರಿತು, ವಜ್ರವನ್ನೂ ಮಾರಿದರು. ಆ ಟ್ರಸ್ಟ್ ಕಟ್ಟಿಸಿದ ಆಸ್ಪತ್ರೆ 1941ರ ಫೆಬ್ರವರಿ 28ರಂದು ಪರೇಲ್‌ನಲ್ಲಿ ತೆರೆಯಿತು. 1957ರಲ್ಲಿ ಕೇಂದ್ರ ಸರ್ಕಾರ ಅದನ್ನು ವಹಿಸಿಕೊಂಡಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಸೇರಿತು. ಆಗ ಇಲಾಖೆಯ ಮುಖ್ಯಸ್ಥರಾಗಿದ್ದವರು ಹೋಮಿ ಭಾಭಾ. ಮೆಹರ್‌ಬಾಯಿ ಅವರಿಗೆ ಸೋದರತ್ತೆ.

ಮುಂದಿನ ತಪಾಸಣೆಗೆ ಹೋದಾಗ ಇದನ್ನೆಲ್ಲ ಅತ್ತೆಗೆ ಹೇಳಿದೆ. ಜನರಲ್ ವಿಭಾಗದ ಸಾಲಿನಲ್ಲಿ ನಮ್ಮ ಮುಂದೆ ಬಿಹಾರದವರು, ಹಿಂದೆ ವಿಜಯಪುರದವರು. ವಜ್ರದ ಮಾತಿಗೆ ಅತ್ತೆ ತಲೆಯಾಡಿಸಿದರು ಅಷ್ಟೇ. ಹದಿನಾರು ದಾಟಿದರೂ ಆ ಹುಡುಗಿಯನ್ನು ಓದಲು ಬಿಟ್ಟಿದ್ದರೇ ಎಂದು ಮಾತ್ರ ಎರಡು ಸಲ ಕೇಳಿದರು. ಅವರದು ಹದಿಮೂರಕ್ಕೇ ಮದುವೆ, ಶಾರದಾ ಕಾಯ್ದೆ ಬಂದು ನಲವತ್ತು ವರ್ಷವಾದ ಮೇಲೆ.

ಮೂರು ತಿಂಗಳಿಗೆ ಮತ್ತೆ ಹೋಗಬೇಕು. ಉದ್ಯಾನ್ ಟಿಕೆಟ್ ತೆಗೆಸಿದ್ದೇನೆ, ಅವರಿಗೆ ಕೆಳಗಿನ ಬರ್ತ್ ಸಿಕ್ಕಿದೆ.